ಜುಂಜಮ್ಮನನ್ನು ಕೇಳಿದ್ದು

ಶಿರಾದ ಆಸ್ಪತ್ರೆಯಲ್ಲಿ ಮಲಗಿದ್ದ ಜುಂಜಮ್ಮನಿಗೆ ಎದುರಿನ ಗೋಡೆಯ ಮೇಲೆ ಕುರಿಗಳು ಮೇಯುತ್ತಿರುವಂತೆ ಕಾಣುತ್ತಿತ್ತು. ಅವು ಸುಣ್ಣ ಉದುರಿದ ಗುರುತುಗಳೆಂದು ಅವಳಿಗೂ ಗೊತ್ತು. ಆದರೆ ತಾವರೆಕೆರೆ ಕಡೆಯ ಗೊಲ್ಲರಹಟ್ಟಿಯಲ್ಲಿ ಹುಟ್ಟಿ, ಕುರಿಗಳ ಹಿಂದೆಯೇ ಬದುಕು ಸವೆಸಿದ ಕಣ್ಣು ಸುಮ್ಮನಿದ್ದೀತೆ? ಆಪರೇಷನ್ನಿನ ಹೊತ್ತು ಹತ್ತಿರವಾದಂತೆಲ್ಲ ಮಂದೆ ಮೆಲ್ಲಗೆ ಕಿಟಕಿಯ ಕಡೆ ಸರಿಯುತ್ತಿತ್ತು.

ಗಡ್ಡೆಯಾಗಿದೆ, ಗರ್ಭಕೋಶ ತೆಗೆಯಬೇಕೆಂದು ಆಸ್ಪತ್ರೆಯವರು ಹೇಳಿದಾಗ ಗಂಡ ಕಾಟಪ್ಪ ಹಟ್ಟಿಗೆ ಹೋಗಿ, ದೇವರ ಮುಂದೆ ಕೂತು ಹೂ ಕೇಳಿದ್ದ. ಬಲಗಡೆಯ ಹೂ ಬಿತ್ತು. ಬಂದವನೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ದೇವರೇ ಒಪ್ಪಿದ ಮೇಲೆ ಇನ್ನೇನು ಎಂದು ನೆಮ್ಮದಿಯಾಗಿ ಟೀ ಕುಡಿಯಲು ಹೋದ. ಪಾಪ, ಕೆಟ್ಟ ಮನುಷ್ಯನಲ್ಲ. ಅವಳ ಮದುವೆಗೂ ಅಪ್ಪ ಹೀಗೆಯೇ ಹೂ ಕೇಳಿದ್ದ. ಮಂದೆ ಹೊಡೆದುಕೊಂಡು ಊರು ಬಿಡುವಾಗಲೂ ಗಂಡಸರು ಹೂ ಕೇಳುತ್ತಿದ್ದರು. ಹೂ ಬಿದ್ದ ಕಡೆಗೆಲ್ಲ ಜುಂಜಮ್ಮ ಬುತ್ತಿ ಹೊತ್ತು ನಡೆದಿದ್ದಳು.

ನರ್ಸಮ್ಮ ಬಂದು ಎಬ್ಬಿಸಿದಾಗ ಅವಳು ಏಳಲಿಲ್ಲ. ಮಕ್ಕಳನ್ನು ಹೊತ್ತ ಜಾಗ ಅದು, ತನ್ನ ಹೊಟ್ಟೆಯೊಳಗಿನದು. ಊರೆಲ್ಲ ಒಪ್ಪಿದೆ, ತನ್ನ ಬಾಯಿಂದ ಮಾತ್ರ ಒಂದು ಮಾತೂ ಹೊರಟಿಲ್ಲ. ಅವಳು ನರ್ಸಮ್ಮನ ಕಡೆ ತಿರುಗಿದಳು.

"ದೇವ್ರು ಹೂ ಕೊಡ್ತು. ನಮ್ ಯಜಮಾನ್ರು ಹೆಬ್ಬೆಟ್ಟು ಕೊಟ್ರು. ನನ್ನ ಯಾರು ಕೇಳಿದ್ರು ಕಣಮ್ಮ?"

ನರ್ಸಮ್ಮ ಹೋಗಿ ಡಾಕ್ಟರ್ ಮಹಜಬೀನಳನ್ನು ಕರೆತಂದಳು. ಶಿರಾದ ಹುಡುಗಿಯೇ. ಕಾಟಪ್ಪನ ಕಾಗದ ಪಕ್ಕಕ್ಕಿಟ್ಟು, ಹಾಸಿಗೆಯ ಅಂಚಿನಲ್ಲಿ ಕೂತು, ಗಡ್ಡೆ ಎಲ್ಲಿದೆ, ಎಲ್ಲಿ ಕೊಯ್ಯುತ್ತಾರೆ, ಏನು ಕೆಡಬಹುದು, ಬೇಡವೆಂದರೆ ಮಾತ್ರೆಯಲ್ಲಿ ಎಷ್ಟು ದೂರ ಹೋಗಬಹುದು ಎಂದು ನಿಧಾನವಾಗಿ ಹೇಳಿದಳು. ತೆಗೆದ ಮೇಲೆ ಒಳಗೆ ಆ ಜಾಗ ಖಾಲಿಯೇ ಉಳಿಯುತ್ತದೆಯೇ ಎಂದು ಜುಂಜಮ್ಮ ಕೇಳಿದಳು. ಇಲ್ಲ, ಪಕ್ಕದ ಕರುಳು ಬಂದು ಕೂರುತ್ತದೆ ಎಂದಳು ಡಾಕ್ಟರು. ಗೋಡೆಯ ಕುರಿಗಳೂ ಮೇವು ಬಿಟ್ಟು ಕಿವಿಗೊಟ್ಟಂತಿತ್ತು.

"ಈಗ ಹೇಳಿ ಅಮ್ಮ, ನಿಮಗೆ ಒಪ್ಪಿಗೆನಾ?"

ಉತ್ತರ ನಾಲಗೆಯ ತುದಿಗೇ ಬಂದಿತ್ತು. ಆದರೂ ಅವಳು ತಡೆದಳು. ಬಾಗಿಲಲ್ಲಿ ಕಾಟಪ್ಪ ಟೀ ಲೋಟ ಹಿಡಿದು ನಿಂತಿದ್ದ. ದೇವರ ಮುಂದೆ ಹೂವಿಗೆ ಕಾಯುವಂತೆಯೇ, ಉಸಿರು ಬಿಗಿಹಿಡಿದು, ಹೆಂಡತಿಯ ಬಾಯನ್ನೇ ನೋಡುತ್ತಿದ್ದ.

ಜುಂಜಮ್ಮ ಡಾಕ್ಟರಮ್ಮನ ಕೈ ಹಿಡಿದುಕೊಂಡಳು.

"ಇನ್ನೊಂದ್ಸಲ ಕೇಳವ್ವ," ಎಂದಳು.