ಹೆಚ್ಚಿದ ಬಳೆಗಳು

ಸ್ಯಾನ್ ಮಟಿಯೋದ ಗ್ಯಾಲರಿಯೊಂದು ನಮ್ಮ ರೆಹಾನಾ ಆಂಟಿಯ ಮಾತನ್ನು ಬೀನ್ಸಿನಂತೆ ಹೆಚ್ಚಿ, ತನಗೆ ರುಚಿಸಿದ ಹೋಳನ್ನಷ್ಟೇ ಗೋಡೆಗೆ ಅಂಟಿಸಿದೆ. ನನ್ನ ಆರೋಪ ಇಷ್ಟೇ. ಇನ್ನು ಬಳೆಗಳ ಕಡೆಗೆ ಬನ್ನಿ, ಗೆಳೆಯರೇ.

ಆಂಟಿ ನನ್ನ ಅಮ್ಮನ ಗೆಳತಿ, ಮೈಸೂರಿನವರು, ಈಗ ಸ್ಯಾನ್ ಮಟಿಯೋದಿಂದ ಕೊಲ್ಲಿಯಾಚೆಗಿರುವ ನೆವಾರ್ಕಿನ ವಾಸಿ. ಆ ಕೊಲ್ಲಿಯ ಕೆಸರುದಂಡೆಯಲ್ಲಿ ಸಿಗುವ ಬಾಟಲಿ ಮುಚ್ಚಳ, ಮುರಿದ ಆಟಿಕೆ, ಬಣ್ಣ ಮಾಸಿದ ಚಮಚಗಳ ಪ್ಲಾಸ್ಟಿಕ್ ಚೂರುಗಳನ್ನು ಆಯ್ದು, ತೊಳೆದು, ಕಾಯಿಸಿ ಬೆಸೆದು ಬಳೆ ಮಾಡುತ್ತಾರೆ. ಬೆಳಕಿಗೆ ಹಿಡಿದರೆ ಹಳದಿಯೊಳಗೆ ನೀಲಿ, ನೀಲಿಯೊಳಗೆ ಯಾವುದೋ ಗೊಂಬೆಯ ಕಿರುಬೆರಳು. ಚೆಲುವೂ ಹೌದು, ಮೈ ಜುಮ್ಮೆನಿಸುವುದೂ ಹೌದು. ಈ ಬಳೆಗಳಿಗೆ ಅವರು ಇಟ್ಟ ಹೆಸರು ‘ಹೆಚ್ಚಿತು’.

ಕೈಯ ಬಳೆ ಒಡೆದಾಗ ‘ಒಡೆಯಿತು’ ಎನ್ನಲು ನಮ್ಮ ಹೆಂಗಸರ ನಾಲಿಗೆ ಅಳುಕುತ್ತದೆ, ‘ಹೆಚ್ಚಿತು’ ಎನ್ನುತ್ತಾರೆ. ಅಮಂಗಳಕ್ಕೆ ಮಂಗಳದ ಸೆರಗು ಹೊದಿಸುವ ಈ ಸೌಜನ್ಯ ಗಾಜಿನ ಮಟ್ಟಿಗೆ ಬರಿಯ ಉಪಚಾರ. ಪ್ಲಾಸ್ಟಿಕ್ಕಿನ ಮಟ್ಟಿಗೆ ಅದು ಅಕ್ಷರಶಃ ಸತ್ಯ: ಒಡೆದಷ್ಟೂ ಚೂರಾಗಿ, ಪುಡಿಯಾಗಿ, ನೀರಿನಲ್ಲೂ ಮೀನಿನಲ್ಲೂ ಅದು ಹೆಚ್ಚುತ್ತಲೇ ಹೋಗುತ್ತದೆ. ಆಂಟಿ ಗ್ಯಾಲರಿಗೆ ಬರೆದುಕೊಟ್ಟ ವಿವರಣೆ ಇದನ್ನೇ ಹೇಳಿತ್ತು. ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಉಳಿದದ್ದು ‘ಸಮೃದ್ಧಿ: ಕನ್ನಡದ ಒಂದು ಶುಭನುಡಿ’ ಎಂಬ ಸಾಲು, ಅದರ ಕೆಳಗೆ ಪ್ರಾಯೋಜಕರ ಹೆಸರು. ಆ ಪ್ರಾಯೋಜಕರು ತಯಾರಿಸುವುದು ಪ್ಲಾಸ್ಟಿಕ್ ಡಬ್ಬಿಗಳನ್ನು.

“ನೋಡೇ, ನನ್ನ ಬಳೆಗೇ ಸೀಮಂತ ಮಾಡ್ಬಿಟ್ಟಿದ್ದಾರೆ!” ಆಂಟಿ ನಕ್ಕರು.

“ನಗಬೇಡಿ ಆಂಟಿ, ಕಂಪ್ಲೇಂಟು ಕೊಡೋಣ.”

“ಕೊಡು, ಬಿಡೋಳಲ್ಲ ನೀನು. ಆದ್ರೆ ನೋಡ್ದೋರೆಲ್ಲ, ಪ್ಲಾಸ್ಟಿಕ್ಕು ಹೆಚ್ಚಲಿ ಅಂತ ನಾನೇ ಹರಸಿದೀನಿ ಅಂದ್ಕೋತಾರಲ್ಲೇ. ಅದೊಂದೇ ಸಂಕಟ.” ನಗು ಅಲ್ಲಿಗೆ ನಿಂತಿತು.

ಚಿನ್ನ ತೊಟ್ಟವರ ಸಿರಿಯನ್ನು ಹೇಳುತ್ತದೆ. ಈ ಬಳೆಗಳು ಎಸೆದವರ ಕಥೆಯನ್ನು ಹೇಳಬೇಕಿತ್ತು. ಎಸೆಯಲೆಂದೇ ತಯಾರಿಸುವವರ ಹೆಸರಿನ ನೆರಳಿನಲ್ಲಿ ಅವು ಬಾಯಿ ಕಟ್ಟಿಸಿಕೊಂಡು ಕೂತಿವೆ. ಕಲೆಗೆ ಹಣ ಕೊಟ್ಟವರಿಗೆ ಕಲೆಯ ಅರ್ಥವೂ ಸೇರಿಯೇ ಮಾರಾಟವಾಯಿತೇ?

ಆದ್ದರಿಂದ ಗ್ಯಾಲರಿಯ ಆಡಳಿತವನ್ನು ವಿನಯಪೂರ್ವಕವಾಗಿ ಕೇಳುತ್ತೇನೆ: ಆ ವಿವರಣೆಯನ್ನು ಕತ್ತರಿಸಿದವರು ಯಾರು, ಯಾರ ಅನುಕೂಲಕ್ಕಾಗಿ? ಪ್ರದರ್ಶನ ಮುಗಿಯುವ ಮುನ್ನ ಅದನ್ನು ಪೂರ್ತಿಯಾಗಿ ಗೋಡೆಗೆ ಮರಳಿಸಿ. ಆಗದಿದ್ದರೆ ಬಳೆಗಳನ್ನು ಮರಳಿಸಿ. ಉತ್ತರವನ್ನು ನನಗಲ್ಲ, ರೆಹಾನಾ ಅವರಿಗೆ ಬರೆಯಿರಿ, ಈ ಬಾರಿ ಒಂದು ಮಾತನ್ನೂ ಬಿಡದೆ.