ಪರದೆಯಾಚೆಗೆ ಮಾತಿಲ್ಲ

ನಮ್ಮೂರು ಬೊರ್ಗೊರಾಸೊದಲ್ಲಿ ಎರ್ಮೆತೆ ಗಲ್ಲೇಸಿಯೊ ಎಂದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಪ್ರೊಫೆಸರ್ ಎನ್ನಬೇಕು. ಓದಿದ್ದು ಎಂಟನೆಯ ತರಗತಿ, ದುಡಿದದ್ದು ಫ್ಯಾಕ್ಟರಿಯ ಆಫೀಸಿನಲ್ಲಿ ಗುಮಾಸ್ತನಾಗಿ. ಆದರೂ ಇಪ್ಪತ್ತೊಂಬತ್ತು ವರ್ಷದಿಂದ ಚಳಿಗಾಲದ ಪ್ರತಿ ಭಾನುವಾರ ಮಧ್ಯಾಹ್ನ, ಚರ್ಚಿನ ಪಕ್ಕದ ಹಾಲ್‌ನಲ್ಲಿ ಸಿನಿಮಾ ಮುಗಿದು ದೀಪ ಹತ್ತಿದ ಕೂಡಲೇ ಮೈಕು ಹಿಡಿದು, "ಇದನ್ನ ಎಲ್ಲಿಂದ ಎತ್ತಿದಾರೆ ಗೊತ್ತೇನ್ರಪ್ಪಾ?" ಎಂದು ಶುರು ಹಚ್ಚಿಕೊಳ್ಳುವವನು ಅವನೇ. ಸಿನಿಮಾ ನೋಡಿ ತೆಪ್ಪಗೆ ಮನೆಗೆ ಹೋಗುವುದು ನಮ್ಮಲ್ಲಿ ಇಲ್ಲ. ಒಂದು ಗಂಟೆ ಕೂತು ಕಿತ್ತಾಡಬೇಕು, ಆಮೇಲೆಯೇ ವೈನು. ಹೊಸ ಚಿತ್ರ ಯಾವುದೇ ಬರಲಿ, ಎರ್ಮೆತೆ ಅದರ ಜಾತಕ ಬಿಚ್ಚುತ್ತಿದ್ದ. ಎರಡು ಮಹಡಿಯ ನಡುವೆ ಸಿಕ್ಕಿಕೊಂಡ ಲಿಫ್ಟು, ಒಬ್ಬನ ಮುಖ ಕತ್ತರಿಸಿ ತೆಗೆದ ಗ್ರೂಪ್ ಫೋಟೊ, ಎಲ್ಲವೂ ಕಪ್ಪು-ಬಿಳುಪು ಕಾಲದ ಥ್ರಿಲ್ಲರ್‌ಗಳಲ್ಲಿ ಸವೆದುಹೋದ ಸರಕು ಎನ್ನುತ್ತಿದ್ದ. ಇಸವಿ ಸಮೇತ ಹೇಳುತ್ತಿದ್ದ. ಅರ್ಧ ಸುಳ್ಳೇ ಇರಬಹುದು, ಹೋಗಿ ನೋಡಿದವರು ಯಾರು?

ಈ ಕಿತ್ತಾಟಕ್ಕೆ ಒಂದೇ ಕಟ್ಟಳೆ: ಪರದೆಯಾಚೆಗೆ ಮಾತಿಲ್ಲ. ಮೊದಲ ವರ್ಷ ಹಡಗು ಮುಳುಗುವ ಒಂದು ಚಿತ್ರ ಹಾಕಿದ್ದರು. ಒಬ್ಬಳು ಎದ್ದು ನಿಂತು, "ಕೊನೇ ದಿನ ನಮ್ಮೋರೂ ಹಿಂಗೇ ಉಸಿರಿಗೆ ಒದ್ದಾಡಿದ್ರು" ಎಂದಳು. ಅಷ್ಟೇ ಸಾಕಾಯಿತು, ಹಾಲ್‌ಗೆ ಹಾಲೇ ಅತ್ತುಕೊಂಡು ಮನೆಗೆ ಹೋಯಿತು. ಅಳದೆ ಏನು ಮಾಡಿಯಾರು? ನಮ್ಮದು ಆಸ್ಬೆಸ್ಟಾಸ್ ಶೀಟು ಮಾಡುತ್ತಿದ್ದ ಊರು. ಆ ಕಲ್ನಾರಿನ ಧೂಳು ಎದೆಯೊಳಗೆ ಇಪ್ಪತ್ತು ಮೂವತ್ತು ವರ್ಷ ಸುಮ್ಮನೆ ಕೂತಿದ್ದು ಆಮೇಲೆ ಕೊಲ್ಲುತ್ತದೆ. ಫ್ಯಾಕ್ಟರಿಗೆ ಬೀಗ ಬಿದ್ದು ಯಾವ ಕಾಲವಾಯಿತೋ, ಸಾವು ಮಾತ್ರ ಪಾಳಿ ತಪ್ಪದೆ ಬರುತ್ತಲೇ ಇದೆ. ಯಾವ ಚಿತ್ರ ಹಾಕಿದರೂ ಮಾತು ತಿರುಗಿ ಅಲ್ಲಿಗೇ ಬರುತ್ತದೆಂದು ಎರ್ಮೆತೆಯೇ ಆ ಕಟ್ಟಳೆ ತಂದ. ಊರಿನವರು, ಒಳ್ಳೇ ಕೆಲಸ ಮಾಡಿದೆಯಪ್ಪಾ ಎಂದರು.

ಅದು ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ಅವನಿಗೇ ಎಂದು ಯಾರಿಗೂ ಗೊತ್ತಿರಲಿಲ್ಲ. ಫ್ಯಾಕ್ಟರಿಯಲ್ಲಿ ಧೂಳಿನ ಅಳತೆ ಬರೆಯುತ್ತಿದ್ದವನು ಅವನು. ಎಂಬತ್ತೊಂದನೇ ಇಸವಿಯ ಮಾರ್ಚಿನಲ್ಲಿ, ಕಲ್ನಾರಿನ ಚೀಲ ಬಿಚ್ಚುವ ಶೆಡ್ಡಿನ ಅಳತೆ ಮಿತಿಗಿಂತ ಒಂಬತ್ತು ಪಟ್ಟು ಬಂತು. ಮೇಲಿನವನು ಬಾಗಿಲಲ್ಲೇ ನಿಂತು, ಒಳಗೂ ಬಾರದೆ, "ಹೋದ ತಿಂಗಳದ್ದನ್ನೇ ಬರೆದುಬಿಡಿ" ಎಂದ. ಎರ್ಮೆತೆ ಬರೆದ, ಆ ಚೀಟಿಯನ್ನು ಎಂದಿನಂತೆ ಎಲ್ಲರೂ ಓದಲೆಂದು ಫ್ಯಾಕ್ಟರಿಯ ಗೇಟಿಗೆ ಅಂಟಿಸಿದ. ಮುಂದಿನ ಮೂರು ವರ್ಷವೂ ಬರೆದ. ಆ ಶೆಡ್ಡಿನಲ್ಲಿ ದುಡಿಯುತ್ತಿದ್ದವನು ಸೆಕೊಂದೊ. ಜೊತೆಗೆ ಬೆಳೆದವನು, ಪಕ್ಕದ ಬೀದಿಯ ಪಾಲ್ಮಿರಾಳ ಗಂಡ. ಐವತ್ತೆಂಟಕ್ಕೇ ಸತ್ತ.

ಪಾಲ್ಮಿರಾ ಎಂದರೆ ನಮ್ಮ ಹಾಲ್‌ನ ಬಾಗಿಲಲ್ಲಿ ಕೂತು ಟಿಕೆಟ್ ಹರಿಯುವವಳು. ಎಪ್ಪತ್ತಾದರೂ ದನಿ ಕಂಚಿನದು. ಚರ್ಚೆ ಮುಗಿದ ಮೇಲೆ, "ನಡಿ, ನಿನ್ನ ಪುರಾಣ ಸಾಕು, ಸೂಪು ಆರುತ್ತೆ" ಎಂದು ಎರ್ಮೆತೆಯನ್ನು ಮನೆಗೆ ಎಳೆದುಕೊಂಡು ಹೋಗಿ ಊಟಕ್ಕಿಕ್ಕುವಳು. ಅವನು ಮದುವೆಯಾಗದ ಮನುಷ್ಯ. ಹದಿನಾರು ವರ್ಷದಿಂದ ಅವಳ ಮನೆಯ ಆ ಮೇಜು ಬಿಟ್ಟರೆ ಅವನಿಗೆ ತನ್ನದು ಅನ್ನುವ ಜಾಗ ಇರಲಿಲ್ಲ. ಸತ್ಯ ಹೇಳಿದರೆ ಆ ಮೇಜು ತಪ್ಪಿಹೋಗುತ್ತದೆ. ಹೇಳದೆ ಕೂತರೆ ಅಲ್ಲಿ ತಿಂದದ್ದು ಮೈಗೆ ಹತ್ತುವುದಿಲ್ಲ. ಹೀಗೇ ನುಂಗುತ್ತ, ಉಗುಳುತ್ತ ಕಾಲ ತಳ್ಳಿದ್ದ.

ಆ ಜನವರಿಯ ಚಿತ್ರ ಅವನ ಆಯ್ಕೆಯಲ್ಲ. ಹಾಲ್ ತುಂಬ ಬರೀ ನರೆತ ತಲೆಗಳು, ಹರೆಯದವರು ಇತ್ತ ತಲೆ ಹಾಕುವುದಿಲ್ಲ ಎಂಬ ಕೊರಗಿಗೆ ಪಾದ್ರಿ ದೊನ್ ಸಿಲ್ವಾನೊ ಒಂದು ಸೂಪರ್‌ಹೀರೊ ಚಿತ್ರ ತರಿಸಿದರು. ಶನಿವಾರವೇ ಒಬ್ಬನೇ ಕೂತು ಚಿತ್ರ ನೋಡಿ ಟಿಪ್ಪಣಿ ಮಾಡಿಕೊಳ್ಳುವುದು ಎರ್ಮೆತೆಯ ಪದ್ಧತಿ. ಈ ಸಲ ಚಿತ್ರ ಬಂದದ್ದೇ ಭಾನುವಾರ ಮಧ್ಯಾಹ್ನ. ಹಾಗಾಗಿ ಎಲ್ಲರ ಜೊತೆ ಅವನೂ ಮೊದಲ ಸಲ ನೋಡಿದ.

ಕಥೆ ಇಷ್ಟು. ಒಬ್ಬ ಖಳ, ಎಲ್ಲರೂ ಬೂದಿಯವನು ಎನ್ನುತ್ತಾರೆ. ಅವನ ಅಪ್ಪ ಗಣಿಯಲ್ಲಿ ಧೂಳು ಕುಡಿದು ಸತ್ತಿದ್ದಾನೆ. ಗಣಿಯಲ್ಲಿ ಎಲ್ಲ ಸರಿಯಿದೆ ಎಂದು ಸಹಿ ಹಾಕಿದವರ ಪಟ್ಟಿ ಹಿಡಿದು, ಒಬ್ಬೊಬ್ಬರನ್ನೇ ಗಾಜಿನ ಕೋಣೆಯಲ್ಲಿ ಕೂಡಿಹಾಕಿ, ಎದುರಿಗೊಂದು ಗಡಿಯಾರ ಇಟ್ಟು, ಮೇಲಿನಿಂದ ಧೂಳು ಸುರಿಸಿ ಕೊಲ್ಲುತ್ತಾನೆ. ನಾಲ್ಕನೆಯವನು ಕನ್ನಡಕದ ಬೋಳುತಲೆಯ ಗುಮಾಸ್ತ, ಅಂಕಿ ಬರೆದವನು. "ನನಗೆ ಗೊತ್ತಿರಲಿಲ್ಲ, ಹೇಳಿದ್ದನ್ನು ಬರೆದೆ" ಎಂದು ಗಾಜು ಬಡಿಯುತ್ತ ಅಳುತ್ತಾನೆ. ಅಷ್ಟರಲ್ಲಿ ರೆಕ್ಕೆಯ ಹೀರೊ ಹಾರಿಬಂದು ಗಾಜು ಒಡೆದು ಅವನನ್ನು ಬದುಕಿಸುತ್ತಾನೆ. ಬೂದಿಯವನು ಗೋಪುರದಿಂದ ಬಿದ್ದು ಸಾಯುತ್ತಾನೆ. ಗಾಜಿನ ಮೇಲೆ ಆ ಅಂಗೈಗಳು ಕಂಡಾಗ ಕತ್ತಲಲ್ಲಿ ಕೂತಿದ್ದ ಎರ್ಮೆತೆಗೆ ಎದ್ದು ಓಡೋಣವೆನ್ನಿಸಿತು. ಎಲ್ಲಿಗೆ ಓಡುವುದು? ಬಾಗಿಲಲ್ಲಿ ಪಾಲ್ಮಿರಾ ಕೂತಿದ್ದಳು.

ದೀಪ ಹತ್ತಿತು. ಮೊದಲು ಬಾಯಿ ಹಾಕಿದವನು ಕ್ಷೌರಿಕ ಒರೆಸ್ತೆ.

"ಇಂಥಾ ದಡ್ಡ ವಿಲನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ. ಎದುರಾಳಿ ಕೈಗೆ ಸಿಕ್ಕಿದಾನೆ, ಕೊಂದು ಹಾಕೋದು ಬಿಟ್ಟು ಹತ್ತು ನಿಮಿಷ ಭಾಷಣ ಬಿಗೀತಾನೆ. ನಮ್ಮ ಮುನಿಸಿಪಾಲಿಟಿಯೋನು ಇದ್ದಂಗಿದಾನೆ!"

ಹಾಲ್ ನಕ್ಕಿತು.

"ಮಾತಾಡದೇ ಇದ್ರೆ ಹೀರೊ ಬರೋಕೆ ಟೈಮ್ ಎಲ್ಲಿ ಸಿಗುತ್ತೆ ಒರೆಸ್ತೆ?" ಎಂದರು ದೊನ್ ಸಿಲ್ವಾನೊ. "ಹೇಳಪ್ಪಾ ಪ್ರೊಫೆಸರ್, ಇದನ್ನ ಎಲ್ಲಿಂದ ಎತ್ತಿದಾರೆ?"

ಎರ್ಮೆತೆ ಮೈಕು ಹಿಡಿದ. ಅಭ್ಯಾಸಬಲ, ನಾಲಿಗೆ ತಾನೇ ಹೊರಳಿತು. "ಹೆಸರಿನ ಪಟ್ಟಿ ಮಾಡಿ ಒಬ್ಬೊಬ್ರನ್ನೇ ಮುಗಿಸೋದು ಐವತ್ತರ ದಶಕದ್ದು. ಸಾಯೋನ ಮುಂದೆ ಗಡಿಯಾರ ಇಡೋದು ಅದಕ್ಕೂ ಹಳೇದು. ಗಾಜಿನ ಕೋಣೆ ಮೊದಲು ನೀರಿನ ತೊಟ್ಟಿಯಾಗಿತ್ತು, ಇವರು ನೀರು ಚೆಲ್ಲಿ ಧೂಳು ತುಂಬಿದಾರೆ. ಹಳೇ ಕೋಟಿಗೆ ರೆಕ್ಕೆ ಹೊಲಿದಿದಾರೆ, ಅಷ್ಟೇ."

ಎಂದಿನ ಹುರುಪು ಇರಲಿಲ್ಲ. ಔಷಧಿ ಅಂಗಡಿಯ ಮಿರ್ತಾ ಎದ್ದಳು. ಇಪ್ಪತ್ತಾರರ ಹುಡುಗಿ, ಮಾತು ಮೆಣಸಿನಕಾಯಿ.

"ಕದ್ದಿರ್ಲಿ ಬಿಡಿ ಸಾರ್. ನನ್ನ ತಕರಾರೇ ಬೇರೆ. ಈ ಚಿತ್ರದ ವಿಲನ್ ಬೂದಿಯವನಲ್ಲ, ಆ ಗುಮಾಸ್ತ. ಅವನನ್ನ ಬದುಕಿಸಿ ಹೀರೊ ಏನು ಘನಂದಾರಿ ಕೆಲಸ ಮಾಡಿದ? ಅವನು ಪೆನ್ನು ಕೆಳಗಿಟ್ಟಿದ್ರೆ ಯಾರೂ ಸಾಯ್ತಿರಲಿಲ್ಲ."

"ಹಾಗಂತ ಕೊಂದು ಹಾಕ್ತಾರೇನಮ್ಮಾ?" ಎಂದ ಒರೆಸ್ತೆ.

"ಕೊಲ್ಲೋದು ಬೇಡ. ಮುಖಕ್ಕೆ ಉಗೀಬೇಕಿತ್ತು. ಹೆಗಲ ಮೇಲೆ ಕೂರಿಸ್ಕೊಂಡು ಹಾರ್ತಾನೆ!"

ಆಗ ಬಾಗಿಲ ಬಳಿಯಿಂದ ಕಂಚಿನ ದನಿ ಕೇಳಿತು. ಪಾಲ್ಮಿರಾ ಚರ್ಚೆಯಲ್ಲಿ ಮಾತಾಡುವವಳೇ ಅಲ್ಲ.

"ಬಿಡೇ ಮಗಳೇ, ಆ ಬಡಪಾಯಿನ ಯಾಕೆ ಹುರಿದು ಮುಕ್ತೀಯ? ಮೇಲಿನೋರು ಬರಿ ಅಂದ್ರು, ಬರೆದ. ಬರೀದೇ ಹೋಗಿದ್ರೆ ಮಾರನೇ ದಿನ ಅವನ ಕುರ್ಚೀಲಿ ಇನ್ನೊಬ್ಬ ಕೂತು ಬರೀತಿದ್ದ. ದೊಡ್ಡೋರನ್ನ ಬಿಟ್ಟು ಇಲೀನ ಹಿಡ್ಕೊಂಡು ಬಡಿದ್ರೆ ಏನು ಬಂತು? ಅವನ ಅಳು ನೋಡಿ ನಂಗೆ ಕರುಳು ಚುರ್ ಅಂತು. ನಾನಾಗಿದ್ರೆ ಕರೆದು ಒಂದು ತಟ್ಟೆ ಊಟ ಹಾಕ್ತಿದ್ದೆ."

ಎರ್ಮೆತೆ ಕಿವಿಯಾರೆ ಕೇಳಿದ್ದ. ಸೆಕೊಂದೊನ ಹೆಂಡತಿ, ಎಲ್ಲರ ಎದುರು, ಗುಮಾಸ್ತನನ್ನು ಕ್ಷಮಿಸಿದ್ದಳು. ಆ ಮಾತು ಪರದೆಯ ಮೇಲಿನವನಿಗೆ ಹೇಳಿದ್ದು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಇಪ್ಪತ್ತೊಂಬತ್ತು ವರ್ಷ ಸಿನಿಮಾದವರ ಪಾಪಪುಣ್ಯವನ್ನು ಮನೆಮಂದಿಯದೆಂಬಂತೆ ತೂಗಿದವನಿಗೆ ಅದು ತನಗೇ ಸಿಕ್ಕ ವರವೆನ್ನಿಸಿತು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದುಕೊಂಡ.

"ಈ ಚಿತ್ರದ ದೊಡ್ಡ ತಪ್ಪು ನೀವ್ಯಾರೂ ಹೇಳಲಿಲ್ಲ" ಎಂದ. "ಗುಮಾಸ್ತ ನಂಗೆ ಗೊತ್ತಿರಲಿಲ್ಲ ಅಂತಾನೆ. ಸುಳ್ಳು. ಅಂಕಿ ಬರೆಯೋನಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತೆ."

"ನಿನಗ್ಯಾರೋ ಹೇಳಿದ್ದು?" ಎಂದು ಒರೆಸ್ತೆ ಚುಡಾಯಿಸಿದ. "ಅದೂ ಹಳೇ ಪಿಕ್ಚರ್‌ನಲ್ಲಿ ಬಂದಿತ್ತಾ?"

"ನಾನೇ ಬರೆದಿದೀನಿ ಒರೆಸ್ತೆ."

ದೊನ್ ಸಿಲ್ವಾನೊ ಥಟ್ಟನೆ ಎದ್ದರು. "ಎರ್ಮೆತೆ, ಬೇಡ. ಪರದೆಯಾಚೆಗೆ ಮಾತಿಲ್ಲ. ಕಟ್ಟಳೆ ನಿಂದೇ."

"ನಂದೇ ಫಾದರ್. ಇವತ್ತು ನಾನೇ ಮುರೀತೀನಿ." ಅವನು ಬಾಗಿಲ ಕಡೆಗೆ ತಿರುಗಿದ. "ಪಾಲ್ಮಿರಾ, ಎಂಬತ್ತೊಂದರ ಮಾರ್ಚಲ್ಲಿ ಚೀಲದ ಶೆಡ್ಡಿನ ಧೂಳು ಒಂಬತ್ತು ಪಟ್ಟು ಇತ್ತು. ನಾನು ಅದನ್ನ ಬರೀಲಿಲ್ಲ. ಹಳೇ ಅಂಕಿ ಬರೆದು ಗೇಟಿಗೆ ಅಂಟಿಸಿದೆ. ಮೂರು ವರ್ಷ ಅಂಟಿಸಿದೆ. ಸೆಕೊಂದೊ ಒಳಗಿದಾನೆ ಅಂತ ಗೊತ್ತಿದ್ದೂ ಅಂಟಿಸಿದೆ."

ಹೇಳಿಬಿಟ್ಟ. ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಅವಳು ಅಳುತ್ತಾಳೆ, ಬೈಯುತ್ತಾಳೆ, ಬೇಕಾದರೆ ಕೆನ್ನೆಗೆ ಬಾರಿಸುತ್ತಾಳೆ, ಎಲ್ಲಕ್ಕೂ ತಯಾರಾಗಿ ನಿಂತ. ಪಾಲ್ಮಿರಾ ಅಳಲಿಲ್ಲ. ಏನೋ ಲೆಕ್ಕ ಹಾಕುವವಳಂತೆ ಹುಬ್ಬು ಗಂಟಿಕ್ಕಿದಳು.

"ಮಾರ್ಚಾ?"

"ಹೌದು."

"ಗೇಟಿನ ಚೀಟಿನಾ? ಆ ನೀಲಿ ಇಂಕಿಂದು?"

"ಅದೇ ಪಾಲ್ಮಿರಾ."

ಅವಳ ಕೈಯಲ್ಲಿದ್ದ ಟಿಕೆಟ್ ಚೂರುಗಳ ಡಬ್ಬಿ ತೊಡೆಯ ಮೇಲೆ ವಾಲಿತು. ಯಾರೋ ಹಿಡಿದುಕೊಂಡರು.

"ಅವನಿಗೆ ಆ ಶೆಡ್ಡು ಬೇಡವಾಗಿತ್ತು ಕಣೋ" ಎಂದಳು. ದನಿಯಲ್ಲಿ ಕಂಚು ಇರಲಿಲ್ಲ. "ಗೋದಾಮಿನ ರಾತ್ರಿ ಪಾಳಿ ಕೇಳ್ತೀನಿ, ಆ ಧೂಳಲ್ಲಿ ನಂಗೆ ಆಗಲ್ಲ ಅಂದ. ನಂಗೆ ರಾತ್ರಿ ಒಬ್ಬಳೇ ಇರೋಕೆ ಭಯ. ನಾನೇ ಗೇಟಿಗೆ ಹೋದೆ. ಚೀಟಿ ಓದ್ಕೊಂಡು ಬಂದೆ. ನೋಡು, ಅಂಕಿ ಕಮ್ಮಿ ಇದೆ, ಶೆಡ್ಡಿಗೇ ಹೋಗು ಅಂದೆ. ಮೂರು ದಿನ ಮುಖ ಊದಿಸ್ಕೊಂಡು ಕೂತೆ. ಹೋದ. ನನ್ನ ಮಾತಿಗೆ ಹೋದ."

ಎರ್ಮೆತೆಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ಬರೆದವನ ಪಾಪವೊಂದನ್ನೇ ಹೊತ್ತು ತಿರುಗಿದ್ದ. ಬರೆದದ್ದನ್ನು ಯಾರು ಓದಿದರು, ಓದಿ ಏನು ಮಾಡಿದರು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

"ಊರೇ ಧೂಳು ಕುಡೀತು, ಅವನೂ ಕುಡಿದ ಅಂದ್ಕೊಂಡಿದ್ದೆ" ಎಂದಳು ಪಾಲ್ಮಿರಾ. "ಶೆಡ್ಡಿನ ಅಂಕಿ ಚೆನ್ನಾಗಿತ್ತಲ್ಲ, ನಾನು ಕಳಿಸಿದ್ದರಲ್ಲಿ ತಪ್ಪೇನಿಲ್ಲ ಅಂತ ಹೇಳ್ಕೊಂಡೇ ದಿನಾ ಮಲಗ್ತಿದ್ದೆ. ಆ ಚೀಟಿ ಒಂದೇ ನಂಗೆ ಆಸರೆಯಾಗಿತ್ತು."

"ತಪ್ಪು ನಿಂದಲ್ಲ, ನಂದು, ಪೂರ್ತಿ ನಂದು" ಎಂದು ಎರ್ಮೆತೆ ಮೈಕು ಬಿಟ್ಟು ಅವಳತ್ತ ನಡೆದ.

"ನಿಲ್ಲೋ ಅಲ್ಲೇ. ನಿಂದನ್ನ ನೀನು ಇಳಿಸ್ಕೊಂಡೆ. ನಂದನ್ನ ಎಲ್ಲಿ ಇಳಿಸ್ಲಿ? ಯಾರ ಮುಂದೆ ಇಳಿಸ್ಲಿ? ಅವನು ಮಣ್ಣಾಗಿ ಹದಿನಾರು ವರ್ಷ ಆಯ್ತು. ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೋನು, ನಾನು ಸಾಯೋವರೆಗೂ ಮುಚ್ಕೊಂಡಿರೋಕೆ ಆಗ್ಲಿಲ್ವೇನೋ ನಿಂಗೆ?"

ಕೋಟು ಹೆಗಲಿಗೆ ಹಾಕಿಕೊಂಡು ಹೊರಟಳು. ಮಿರ್ತಾ ಓಡಿಹೋಗಿ ತೋಳು ಹಿಡಿಯಲು ನೋಡಿದಳು, ಅವಳು ಕೊಸರಿಕೊಂಡಳು. ಬಾಗಿಲು ತೆರೆದು ನದಿಯ ಮಂಜು ಒಂದಿಷ್ಟು ಒಳಗೆ ಬಂತು.

ಎರ್ಮೆತೆ ಕುರ್ಚಿಗಳ ಸಾಲಿನ ನಡುವೆ ನಿಂತೇ ಇದ್ದ. ಯಾರಾದರೂ ಎದ್ದು ಉಗಿದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಯಾರೂ ಉಗಿಯಲಿಲ್ಲ, ಒರೆಸ್ತೆ ಸಹ ತಲೆ ತಗ್ಗಿಸಿ ಕೂತಿದ್ದ. ಆಮೇಲೆ ಊರಿನ ವಿಧವೆಯರು ಒಬ್ಬೊಬ್ಬರಾಗಿ ಎದ್ದರು. ಅವನ ಮುಖ ನೋಡದೆ ಪಕ್ಕದಿಂದ ಹಾದು ಹೊರಗೆ ಹೋದರು. ತಾವು ಯಾವ ತಿಂಗಳು ಆ ಗೇಟಿನ ಮುಂದೆ ನಿಂತಿದ್ದೆವು, ಓದಿಕೊಂಡು ಮನೆಗೆ ಹೋಗಿ ಗಂಡನಿಗೆ ಏನು ಹೇಳಿದೆವು ಎಂದು ಪ್ರತಿಯೊಬ್ಬಳೂ ನೆನಪು ಮಾಡಿಕೊಳ್ಳುತ್ತಿದ್ದಳು.