ಮಾಮಿ ಒಳಗೆ ಕರೆಯದ ದಿನ

ಕಳೆದ ವಾರ ನಮ್ಮ ಅಡುಗೆಮನೆಯ ಮೂಲೆಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಮರೆತುಹೋಗಿದ್ದ ಬೆಳ್ಳುಳ್ಳಿ ಕೊಳೆತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೊಂದೇ ಗೊತ್ತು. ಮತ್ತೆ ನೋಡಿದರೆ ನಾನು ಮಗಳ ರಟ್ಟೆ ಹಿಡಿದುಕೊಂಡು ಗಲ್ಫಿನ ನಮ್ಮ ಜಿಂಜ್ ಬಡಾವಣೆಯ ಬೀದಿಯಲ್ಲಿ ನಿಂತಿದ್ದೆ. ಅವಳ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

"ಅಮ್ಮಾ, ವಾಟ್ ಹ್ಯಾಪನ್ಡ್?" ಎಂದಳು. ನಾನು ತಲೆಯೆತ್ತಿ ನಮ್ಮ ಮನೆಯ ಕಿಟಕಿ ನೋಡಿದೆ.

ಅವಳು ಹುಟ್ಟಿದಾಗ ನಾವಿದ್ದದ್ದು ಇಲ್ಲೇ ಮನಾಮದ ಒಂದು ಹಳೆಯ ಕಟ್ಟಡದಲ್ಲಿ. ಬಾಣಂತನಕ್ಕೆ ಅಮ್ಮ ಬರಬೇಕಾಗಿತ್ತು. ಅಪ್ಪನಿಗೆ ಪಾರ್ಶ್ವವಾಯು ಬಡಿದು ಬರಲಾಗಲಿಲ್ಲ. ಆಸ್ಪತ್ರೆಯಿಂದ ಮಗುವನ್ನೆತ್ತಿಕೊಂಡು ಮನೆಗೆ ಬಂದ ದಿನ, ಕೆಳಗಿನ ಮನೆಯ ಮಾಮಿ ಎಣ್ಣೆಯ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅದಕ್ಕೂ ಮೊದಲು ಮೆಟ್ಟಿಲಲ್ಲಿ ಎದುರಾದಾಗ ನಕ್ಕದ್ದಷ್ಟೇ ನಮ್ಮ ಪರಿಚಯ.

"ಊರಿಂದ ಯಾರೂ ಬರ್ಲಿಲ್ಲ ಅಂತ ಕಾಕ ಹೇಳಿದ್ರು. ನಾನಿದ್ದೇನಲ್ಲ ಮಗಳೇ," ಎಂದು ಉತ್ತರಕ್ಕೂ ಕಾಯದೆ ಒಳಗೆ ಬಂದರು.

ಕಾಕ ಎಂದರೆ ಅವರ ಗಂಡ. ಕಟ್ಟಡದ ಕೆಳಗೇ ಸಣ್ಣ ಕೋಲ್ಡ್ ಸ್ಟೋರ್, ಅಂದರೆ ದಿನಸಿ ಅಂಗಡಿ, ಇಟ್ಟುಕೊಂಡಿದ್ದರು. ಉಳ್ಳಾಲದ ಕಡೆಯ ಬ್ಯಾರಿಗಳು. ಹೆಣ್ಣುಮಕ್ಕಳನ್ನೆಲ್ಲ ಮದುವೆ ಮಾಡಿ ಕೊಟ್ಟಿದ್ದರು. ಮಾಮಿ ದಿನವೂ ಬಂದು ನನ್ನ ಸೊಂಟಕ್ಕೆ ಬಿಸಿನೀರು ಹೊಯ್ಯುತ್ತಿದ್ದರು, ಮೆಂತೆ ಗಂಜಿ ಕುಡಿಸುತ್ತಿದ್ದರು. ಬಚ್ಚಲಲ್ಲಿ ಮಣೆ ಹಾಕಿ ಕೂತು, ಚಾಚಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿ ಮೀಯಿಸುತ್ತಾ ಬ್ಯಾರಿ ಭಾಷೆಯಲ್ಲಿ ಏನೋ ಗುನುಗುತ್ತಿದ್ದರು. ಮಗುವಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನೆಗಡಿಯಾದವರನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಒಮ್ಮೆ ನನ್ನ ಗಂಡನೇ ಕೆಮ್ಮಿದಾಗ ಅವರನ್ನು ಹೊರಗೆ ಹಾಲ್‌ನಲ್ಲಿ ಮಲಗಿಸಿದ್ದರು. ನಾನು ಕೆಲಸಕ್ಕೆ ಮರಳಿದ ಮೇಲೆ ಮಗು ಹಗಲೆಲ್ಲ ಮಾಮಿಯ ಮನೆಯಲ್ಲೇ ಬೆಳೆಯಿತು.

ಅವರ ಪಕ್ಕದ ಫ್ಲಾಟಿನಲ್ಲಿ ಕೆಲವು ಹುಡುಗರು ಒಟ್ಟಿಗೆ ಇದ್ದರು, ಹೋಟೆಲು ಕೆಲಸದವರು. ಅಲ್ಲಿ ತಿಗಣೆ ಎಂಬುದು ಇಡೀ ಕಟ್ಟಡಕ್ಕೇ ಗೊತ್ತಿದ್ದ ಸಂಗತಿ.

ಒಂದು ಬೆಳಿಗ್ಗೆ ಮಗುವನ್ನು ಬಿಡಲು ಹೋದಾಗ ಮಾಮಿ ಬಾಗಿಲನ್ನು ಅರ್ಧ ಮಾತ್ರ ತೆರೆದರು. ಮುಖ ಬಿಳುಚಿತ್ತು.

"ಒಳಗೆ ಬರ್ಬೇಡ. ಬೆಳಿಗ್ಗೆ ಏಳುವಾಗಿಂದ ವಾಂತಿ. ಕಾಕನಿಗೂ ಹೊಟ್ಟೆ ಸರಿ ಇಲ್ಲ, ಆದ್ರೂ ಅಂಗಡಿಗೆ ಹೋದ್ರು. ಅಂಟುವ ಜಾತಿದ್ದಾದ್ರೆ ಮಗುವಿಗೆ ಕಷ್ಟ."

ಬಾಗಿಲ ಸಂದಿಯಿಂದ ಒಂದು ವಾಸನೆ ಬಂತು.

"ಎಂತ ವಾಸನೆ ಮಾಮಿ?"

"ಅದೇ ಹುಡುಕ್ತಾ ಇದ್ದೇನೆ ಮಾರಾಯ್ತಿ. ಬೆಳ್ಳುಳ್ಳಿ ಎಲ್ಲೋ ಕೊಳೆತ ಹಾಗೆ. ಫ್ರಿಜ್ ಎಲ್ಲ ತೊಳೆದೆ, ಸಿಗ್ಲಿಲ್ಲ."

ಮಗು ಎಂದಿನಂತೆ ಅವರ ಕಡೆಗೆ ಎರಡೂ ಕೈ ಚಾಚಿತು. ಮಾಮಿಯ ಕೈಯೂ ಮುಂದೆ ಬಂತು... ಹಾಗೇ ಹಿಂದಕ್ಕೆ ಹೋಯಿತು. "ನಾಳೆ ಬಾ ಚಿನ್ನ," ಎಂದು ಬಾಗಿಲು ಹಾಕಿಕೊಂಡರು.

ನಾನು ರಜೆ ಹಾಕಿದೆ. ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋಗಿ ಬಾಗಿಲು ಬಡಿದರೆ ಒಳಗಿನಿಂದಲೇ, "ಅಲ್ಲೇ ಇಡು, ಮತ್ತೆ ತೆಕ್ಕೊಳ್ತೇನೆ. ನೀನು ಮೇಲೆ ಹೋಗು," ಎಂದರು. ಸ್ವರ ಸೋತಿತ್ತು. ಹೊಟ್ಟೆ ಕೆಟ್ಟವರ ಸ್ವರ ಇನ್ನು ಹೇಗಿದ್ದೀತು ಎಂದುಕೊಂಡೆ.

ಊಟಕ್ಕೆಂದು ಮೇಲೆ ಬಂದ ಕಾಕನ ಕೂಗು ಕೇಳಿ ಮಗುವನ್ನೆತ್ತಿಕೊಂಡು ಓಡಿದೆ. ಗಂಜಿಯ ಪಾತ್ರೆ ಇಟ್ಟಲ್ಲೇ ಇತ್ತು. ಮಾಮಿ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಆಂಬ್ಯುಲೆನ್ಸಿನವರು ಬಂದರು. ಅವರಲ್ಲೊಬ್ಬ ಮೂಗು ಮುಚ್ಚಿಕೊಂಡು ಹೊರಗೆ ಬಂದವನೇ ನಮ್ಮನ್ನು ಹಿಂದಕ್ಕೆ ತಳ್ಳಿದ. "ಎಲ್ಲರೂ ಕೆಳಗೆ ಇಳಿಯಿರಿ, ಈಗಲೇ!" ಎಂದು ಹಿಂದಿಯಲ್ಲಿ ಕೂಗಿದ. ಸ್ವಲ್ಪ ಹೊತ್ತಿನಲ್ಲಿ ಮುಖವಾಡ ತೊಟ್ಟ ಅಗ್ನಿಶಾಮಕದವರು ಪಕ್ಕದ ಫ್ಲಾಟಿನ ಬಾಗಿಲು ಒಡೆದರು. ಹುಡುಗರು ಹೋಗುವಾಗ ಬಾಗಿಲಿನ ಸುತ್ತ ಅಗಲವಾದ ಟೇಪು ಅಂಟಿಸಿದ್ದರಂತೆ. ಒಳಗೆ ಮಂಚಗಳ ಕೆಳಗೆ, ಅಕ್ಕಿ ಗೋದಾಮಿನಲ್ಲಿ ಹುಳಕ್ಕೆಂದು ಇಡುವ ಮಾತ್ರೆಗಳು. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಕೊಳೆತ ಬೆಳ್ಳುಳ್ಳಿಯ ವಾಸನೆಯ ವಿಷದ ಗಾಳಿ ಏಳುತ್ತದೆ. ಎರಡೂ ಮನೆಯ ಬಚ್ಚಲುಗಳ ನಡುವೆ ಇದ್ದದ್ದು ಒಂದೇ ಗಾಳಿಗಂಡಿ.

ಮಾಮಿ ಆಸ್ಪತ್ರೆ ತಲುಪುವ ಮೊದಲೇ ಹೋಗಿದ್ದರು.

ಗೆಳೆಯರ ಕೋಣೆಯಲ್ಲಿ ರಜೆ ಕಳೆಯಲು ಹೋಗಿದ್ದ ಆ ಹುಡುಗರು ಸಂಜೆ ಬ್ಯಾಗು ಹಿಡಿದು ನಗುತ್ತಾ ವಾಪಸು ಬಂದರು. ವಿಷಯ ತಿಳಿದ ಮೇಲೆ ಒಬ್ಬ ಅಲ್ಲೇ ನೆಲಕ್ಕೆ ಕುಸಿದ. "ಕಾಕಾ, ಮಾತ್ರೆ ಕೊಟ್ಟವರು ತಿಗಣೆ ಮಾತ್ರ ಸಾಯ್ತದೆ ಅಂದಿದ್ರು, ಖಟ್ಮಲ್ ಮಾತ್ರ..." ಎಂದು ಹಿಂದಿಯಲ್ಲಿ ಅಳುತ್ತಿದ್ದ. ಕಾಕ ಅವನನ್ನೇ ನೋಡಿದರು. ದಿನಾ ತಮ್ಮ ಅಂಗಡಿಯಲ್ಲಿ ಮೊಸರು, ಖುಬ್ಬೂಸ್ ರೊಟ್ಟಿ ಕೊಳ್ಳುತ್ತಿದ್ದ ಹುಡುಗ. ಪೊಲೀಸರು ಆ ಹುಡುಗರನ್ನು ಕರೆದೊಯ್ದರು.

ಮಾಮಿಯನ್ನು ಇಲ್ಲೇ ಮಣ್ಣು ಮಾಡಿದರು. ಕಾಕ ಅಂಗಡಿ ಮುಚ್ಚಿ ಊರಿಗೆ ಹೋಗುವ ಮೊದಲು ನಮ್ಮ ಮನೆಗೆ ಬಂದು ಮಗುವನ್ನು ಸುಮ್ಮನೆ ಎತ್ತಿಕೊಂಡು ಕೂತರು. ಆಮೇಲೆ ಹೇಳಿದರು: "ಆ ದಿನ ನಾನು ಮನೆ ಬಾಗಿಲು ತಳ್ಳಿದ್ರೆ ಬರ್ಲೇ ಇಲ್ಲ. ಕೆಳಗೆ ಸಂದಿಗೆ ಬಟ್ಟೆ ತುರುಕಿ ಇಟ್ಟಿದ್ಳು. ತನ್ನ ರೋಗ ಹೊರಗೆ ಬರ್ಬಾರ್ದು ಅಂತ ಇರ್ಬೇಕು."

ನಾನು ಮಗುವನ್ನು ಅವರ ಕೈಯಿಂದ ತೆಗೆದುಕೊಳ್ಳಲಾರದೆ ನಿಂತಿದ್ದೆ.

ಈಗ ಮಗಳು ನನ್ನ ಭುಜದೆತ್ತರ ಬೆಳೆದಿದ್ದಾಳೆ. ಅವಳಿಗೆ ಮಾಮಿಯ ನೆನಪಿಲ್ಲ. ತನ್ನನ್ನು ಮೊದಲು ಮೀಯಿಸಿದ ಕೈಗಳು ಯಾವ ಮಗುವಿಗೂ ನೆನಪಿರುವುದಿಲ್ಲ. ಅಂದು ಬೀದಿಯಿಂದ ಮನೆಗೆ ಮರಳಿದ ಮೇಲೆ ಮೊದಲ ಬಾರಿಗೆ ಅವಳಿಗೆ ಎಲ್ಲವನ್ನೂ ಹೇಳಿದೆ.

"ಗಾಳಿಯಲ್ಲಿ ಪಾಯ್ಸನ್ ಇದೆ ಅಂತ ಅವರಿಗೆ ಗೊತ್ತಿತ್ತಾ, ಅಮ್ಮಾ?"

"ಇಲ್ಲ ಮಗಾ," ಎಂದೆ. "ಗೊತ್ತಿದ್ರೆ ಅವರೂ ಹೊರಗೆ ಬರ್ತಿದ್ರು."